ಪ್ರೌಢಶಾಲೆಯಲ್ಲಿ ಗಾರೆ ಕೆಲಸದ ಪ್ರತ್ಯಕ್ಷ ಶಿಕ್ಷಣ



ಪುಣೆ ನಗರದ ಪಶ್ಚಿಮಕ್ಕೆ, ಮುಳಶಿ ತಾಲ್ಲೂಕಿನಲ್ಲಿರುವ ಹಿಂಜವಾಡಿಯು ಒಂದು ಕಾಲಕ್ಕೆ ಬೇಸಾಯವನ್ನೇ ನೆಚ್ಚಿದ್ದ ಗ್ರಾಮ. 1990ರ ದಶಕದ ಉತ್ತರಾರ್ಧದಿಂದೀಚೆಗೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಅಲ್ಲಿ ರಾಜೀವ್ ಗಾಂಧಿ ಮಾಹಿತಿ ತಂತ್ರಜ್ಞಾನ ಉದ್ಯಾನವನ್ನು ಬೆಳೆಸತೊಡಗಿದ ಮೇಲೆ, ಹೊಲಗಳಿದ್ದೆಡೆ ಬಹುಮಹಡಿ ಕಟ್ಟಡಗಳು ಎದ್ದು ನಿಂತವು. ಈ ಕಟ್ಟಡಗಳ ಒಳಗೆ ನಡೆಯುವ ಗಣಕಯಂತ್ರದ ಕೆಲಸದ ಬಗ್ಗೆ ದೇಶಕ್ಕೆಲ್ಲ ತಿಳಿದಿದೆ. ಅವುಗಳ ಗೋಡೆಯನ್ನು ಕಟ್ಟಿದ ಕೈಗಳ ಬಗ್ಗೆ ತಿಳಿದಿರುವುದು ಅಲ್ಪ. ಪುಣೆಯ ಕಟ್ಟಡ ನಿರ್ಮಾಣದಲ್ಲಿ ದುಡಿಯುವವರ ಪೈಕಿ ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ್ ಮುಂತಾದ ಜಿಲ್ಲೆಗಳಿಂದ ಗುಳೆ ಹೋದ ಕನ್ನಡ ಕುಟುಂಬಗಳೂ ಇವೆ. ಮಳೆಯನ್ನೇ ನಂಬಿದ ಬೇಸಾಯವು ಕೈಕೊಟ್ಟ ವರ್ಷ ತಂದೆತಾಯಿಗಳು ಹೊರಡುತ್ತಾರೆ. ಶಾಲೆ ಬಿಟ್ಟ ಮಗನೂ ಜೊತೆಗೆ ಹೊರಡುತ್ತಾನೆ.

ಹೀಗೆ ಬಂದ ಹುಡುಗನು ಗಾರೆ ಕೆಲಸವನ್ನು ಕಲಿಯುವ ವಿಧಾನವು ತಲೆಮಾರುಗಳಿಂದ ಒಂದೇ ಬಗೆಯದು. ಅವನು ಮೊದಲು ಕೈಯಾಳು. ಮರಳು ಜರಡಿ ಹಿಡಿಯುವುದು, ಗಾರೆ ಕಲಸುವುದು, ಬಾಂಡ್ಲಿ ಹೊರುವುದು, ಸಾರವೆಯ ಮೇಲಿರುವವನಿಗೆ ಇಟ್ಟಿಗೆ ಎತ್ತಿಕೊಡುವುದು, ಇಷ್ಟೇ ಅವನ ಪಾಲಿನ ಕೆಲಸ. ಕರಣೆಯು ಅವನ ಕೈಗೆ ಬರುವುದು ಮೇಸ್ತ್ರಿಯ ಮನಸ್ಸು ಕರಗಿದಾಗ, ಇಲ್ಲವೇ ಆತನು ಊಟಕ್ಕೆ ಕುಳಿತಾಗ. ಕೆಲವರಿಗೆ ಈ ಕಾಯುವಿಕೆಯಲ್ಲಿಯೇ ಹಲವು ವರ್ಷಗಳು ಕಳೆದುಹೋಗುತ್ತವೆ. ಕೂಲಿಯಲ್ಲಿ ಗೌಂಡಿಗೂ ಕೈಯಾಳಿಗೂ ಇರುವ ಅಂತರವನ್ನು ಬಲ್ಲವರಿಗೆ ಆ ವರ್ಷಗಳ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಕಣ್ಣಿನಿಂದ ನೋಡಿ ಕಲಿತವನಿಗೆ ಕೈಚಳಕವೇನೋ ಸಿದ್ಧಿಸುತ್ತದೆ. ಆದರೆ ನಕ್ಷೆಯನ್ನು ಓದುವುದು, ಸಾಮಗ್ರಿಯ ಲೆಕ್ಕ ಹಾಕುವುದು, ಒಂದು ಕ್ರಮವನ್ನು ಏಕೆ ಅನುಸರಿಸಬೇಕೆಂದು ಅರಿಯುವುದು, ಇವು ದೊರೆಯುವುದು ಅಪರೂಪ.

ಈ ವಿದ್ಯೆಯನ್ನು ಪ್ರೌಢಶಾಲೆಯಲ್ಲಿಯೇ ಕಲಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರವು ಅದೇ ಪುಣೆ ಜಿಲ್ಲೆಯಲ್ಲಿದೆ. ಹಿಂದೂಸ್ತಾನ್ ಲಿವರ್ ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿದ್ದ ವಿಜ್ಞಾನಿ ಡಾ. ಎಸ್. ಎಸ್. ಕಲ್‌ಬಾಗ್ ಅವರು 1983ರಲ್ಲಿ ಶಿರೂರು ತಾಲ್ಲೂಕಿನ ಪಾಬಳ್ ಗ್ರಾಮದಲ್ಲಿ ವಿಜ್ಞಾನ ಆಶ್ರಮವನ್ನು ಸ್ಥಾಪಿಸಿದರು. ಇದು ಪುಣೆಯ ಭಾರತೀಯ ಶಿಕ್ಷಣ ಸಂಸ್ಥೆಯ ಒಂದು ಕೇಂದ್ರ. ಆ ಮಾತೃಸಂಸ್ಥೆಯನ್ನು ಕಟ್ಟಿದ ಜೆ. ಪಿ. ನಾಯಕ್ ಅವರು ತಮ್ಮ ಯೌವನದಲ್ಲಿ ಧಾರವಾಡ ಸಮೀಪದ ಉಪ್ಪಿನಬೆಟಗೇರಿಯಲ್ಲಿ ಗ್ರಾಮೋದ್ಧಾರದ ಕಾರ್ಯ ಕೈಗೊಂಡಿದ್ದವರು ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಮುಂದೆ ಅವರು ಸದಸ್ಯ ಕಾರ್ಯದರ್ಶಿಯಾಗಿದ್ದ 1964-66ರ ಕೊಠಾರಿ ಶಿಕ್ಷಣ ಆಯೋಗವು, ಕಾರ್ಯಾನುಭವವು ಶಿಕ್ಷಣದ ಅಂಗವಾಗಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಅನೇಕ ಶಾಲೆಗಳಲ್ಲಿ ವೇಳಾಪಟ್ಟಿಯ ಒಂದು ಸಾಲಾಗಿಯೇ ಉಳಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಪಾಬಳ್‌ನಲ್ಲಿ ಅದು ಇಟ್ಟಿಗೆ, ಗಾರೆಗಳ ರೂಪ ತಾಳಿತು.

ಅಲ್ಲಿ ರೂಪುಗೊಂಡ ಮೂಲ ತಂತ್ರಜ್ಞಾನ ಪರಿಚಯವೆಂಬ ಪಠ್ಯಕ್ರಮಕ್ಕೆ ಮಹಾರಾಷ್ಟ್ರದ ಪ್ರೌಢಶಿಕ್ಷಣ ಮಂಡಳಿಯ ಮಾನ್ಯತೆ ದೊರೆಯಿತು. ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ವಾರಕ್ಕೆ ಒಂದು ದಿನ ಕೈಕೆಲಸದಲ್ಲಿ ತೊಡಗುತ್ತಾರೆ. ಕಟ್ಟಡ ಮತ್ತು ಕಮ್ಮಟದ ಕೆಲಸ, ಇಂಧನ ಮತ್ತು ಪರಿಸರ, ಗೃಹ ಮತ್ತು ಆರೋಗ್ಯ, ಕೃಷಿ ಮತ್ತು ಪಶುಪಾಲನೆ ಎಂಬ ನಾಲ್ಕೂ ವಿಭಾಗಗಳನ್ನು ಬಾಲಕರೂ ಬಾಲಕಿಯರೂ ಸಮನಾಗಿ ಅಭ್ಯಸಿಸುತ್ತಾರೆ. ಕಲಿಸುವವರು ಬಹುಮಟ್ಟಿಗೆ ಊರಿನ ಕುಶಲಕರ್ಮಿಗಳೇ. ಕಲಿತದ್ದನ್ನು ಗ್ರಾಮಸ್ಥರಿಗೆ ಬೇಕಾದ ಕೆಲಸವಾಗಿ ಮಾಡಿಕೊಟ್ಟು, ಅದಕ್ಕೆ ತಕ್ಕ ಹಣವನ್ನು ಪಡೆಯುವ ಪದ್ಧತಿಯೂ ಉಂಟು. ಹಣ ಕೊಟ್ಟವನು ಕೆಲಸವನ್ನು ಪರೀಕ್ಷಕನಿಗಿಂತ ಬಿಗಿಯಾಗಿ ನೋಡುತ್ತಾನೆ. ಕಲ್‌ಬಾಗ್ ಅವರು 2003ರಲ್ಲಿ ನಿಧನರಾದರು. ಆಶ್ರಮದ ಕಾರ್ಯವು ಮುಂದುವರಿಯಿತು.

ಶಾಲೆಯ ಅಂಗಳದಲ್ಲಿ ಒಂದು ಗೋಡೆಯನ್ನು ಕಟ್ಟಿಸುವಾಗ ಏನೇನು ಕಲಿಕೆಯಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬಹುದು. ಮೊದಲು ಮೂಲೆಯನ್ನು ಗುರುತಿಸಬೇಕು. ಒಂದು ದಾರದ ಮೇಲೆ ಮೂಲೆಯಿಂದ 3 ಅಡಿಗೂ, ಅಡ್ಡದಾರದ ಮೇಲೆ 4 ಅಡಿಗೂ ಗುರುತು ಹಾಕಿ ಅಳೆದಾಗ ಆ ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆಯು ಲಂಬಕೋನ. ಕಪ್ಪುಹಲಗೆಯ ಮೇಲೆ ಬಾಯಿಪಾಠವಾಗಿದ್ದ ಪೈಥಾಗೊರಸನ ಪ್ರಮೇಯವು ಇಲ್ಲಿ ಎರಡು ದಾರಗಳಲ್ಲಿ ಪ್ರತ್ಯಕ್ಷವಾಗುತ್ತದೆ. ಅನಂತರ ಲೆಕ್ಕ. 19 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರದ ಇಟ್ಟಿಗೆಗೆ ಒಂದು ಸೆಂಟಿಮೀಟರ್ ಗಾರೆಯನ್ನು ಸೇರಿಸಿದರೆ ಅಳತೆಯು 20, 10, 10 ಆಗಿ, ಒಂದು ಘನ ಮೀಟರ್ ಗೋಡೆಗೆ 500 ಇಟ್ಟಿಗೆ ಬೇಕಾಗುತ್ತವೆ. 3 ಮೀಟರ್ ಉದ್ದ, 2 ಮೀಟರ್ ಎತ್ತರ, 20 ಸೆಂಟಿಮೀಟರ್ ದಪ್ಪದ ಗೋಡೆಗೆ 600. ಊರಿನ ಗೂಡಿನಲ್ಲಿ ಸುಟ್ಟ ಇಟ್ಟಿಗೆಯ ಅಳತೆ ಬೇರೆಯಿರುವುದರಿಂದ, ವಿದ್ಯಾರ್ಥಿಯು ತನ್ನ ಮುಂದಿರುವ ಇಟ್ಟಿಗೆಯನ್ನೇ ಅಳೆದು ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಒಣ ಇಟ್ಟಿಗೆಯು ಗಾರೆಯ ನೀರನ್ನು ಹೀರಿಬಿಡುವುದರಿಂದ ಅದನ್ನು ಮುಂಚೆಯೇ ನೆನೆಸಬೇಕು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಬೆರೆಸಿದ ಗಾರೆಗೆ ನೀರು ಹಾಕಿದ ಮೇಲೆ ಅದು ಯಾರಿಗಾಗಿಯೂ ಕಾಯುವುದಿಲ್ಲ. ಆದ್ದರಿಂದ ಬೇಕಾದಷ್ಟನ್ನೇ ಕಲಸಬೇಕು. ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ವರಸೆಯ ಸಂದು ಬರಬಾರದು. ಒಂದೇ ದಿನದಲ್ಲಿ ಒಂದೂವರೆ ಮೀಟರಿಗಿಂತ ಎತ್ತರ ಏರಿಸಬಾರದು. ಕಟ್ಟಿದ ಮೇಲೆ ಕನಿಷ್ಠ ಏಳು ದಿನ ನೀರುಣಿಸಬೇಕು. ತೂಗುಗುಂಡನ್ನು ಇಳಿಬಿಟ್ಟಾಗ ಗೋಡೆಯು ವಾಲಿರುವುದು ಕಂಡರೆ, ಕೆಡವಿ ಮತ್ತೆ ಕಟ್ಟಬೇಕು. ಅಭ್ಯಾಸದ ಗೋಡೆಗೆ ಸಿಮೆಂಟಿನ ಬದಲು ಮಣ್ಣಿನ ಗಾರೆಯನ್ನು ಬಳಸುವುದು ಈ ಕಾರಣಕ್ಕಾಗಿಯೇ; ಇಟ್ಟಿಗೆಗಳು ಹಾಳಾಗದೆ ಮರಳಿ ಕೈಗೆ ಬರುತ್ತವೆ. ಕೆಲಸದ ತಾಣದಲ್ಲಿ ವಾಲಿದ ಗೋಡೆಗೆ ಬೈಗುಳವೂ ಕೂಲಿಯ ಕಡಿತವೂ ದಂಡವಾದರೆ, ಶಾಲೆಯಲ್ಲಿ ಅದು ಆ ದಿನದ ಪಾಠವಾಗುತ್ತದೆ. ಹಿಂಜವಾಡಿಯ ಕಡೆ ಹೋಗುವವನಿಗೆ ಮಾತಿನ ತೊಂದರೆಯೂ ಹೆಚ್ಚಿಲ್ಲ. ಗೌಂಡಿ ಎಂಬ ಮಾತು ಉತ್ತರ ಕರ್ನಾಟಕಕ್ಕೂ ಮರಾಠಿಗೂ ಸಮಾನ. ಕರಣೆಯು ಅಲ್ಲಿ ಥಾಪಿ, ತೂಗುಗುಂಡು ಓಳಂಬಾ.

ಮಗನು ಕರಣೆ ಹಿಡಿಯಬಾರದೆಂದೇ ಶಾಲೆಗೆ ಕಳುಹಿಸಿದೆವು, ಶಾಲೆಯೇ ಅದನ್ನು ಕೈಗೆ ಕೊಟ್ಟರೆ ಹೇಗೆ ಎಂದು ಕೂಲಿಕಾರ ತಂದೆತಾಯಿಗಳು ಕೇಳುವುದುಂಟು. ಈ ಆಕ್ಷೇಪಣೆಯು ನ್ಯಾಯವಾದುದು. ಬಡವರ ಮಕ್ಕಳನ್ನು ಆರಿಸಿ ಗಾರೆ ಕೆಲಸಕ್ಕೂ, ಉಳಿದವರನ್ನು ಗಣಕಯಂತ್ರಕ್ಕೂ ಕಳುಹಿಸುವ ಶಾಲೆಯು ಹಳೆಯ ಕುಲಕಸುಬನ್ನೇ ಹೊಸ ಹೆಸರಿನಲ್ಲಿ ಮುಂದುವರಿಸಿದಂತಾಗುತ್ತದೆ. ತರಗತಿಯ ಎಲ್ಲರೂ ಇಟ್ಟಿಗೆ ಮುಟ್ಟಬೇಕೆಂಬ ಪಾಬಳ್‌ನ ನಿಯಮದ ಮಹತ್ತ್ವವು ಇಲ್ಲಿದೆ. ಬಾಲಕಿಯರ ಮಟ್ಟಿಗೆ ಇದು ಇನ್ನೂ ಹೆಚ್ಚಿನದು; ಕಟ್ಟಡದ ಕೆಲಸದಲ್ಲಿ ಹೆಂಗಸರು ಜೀವಮಾನವಿಡೀ ಬಾಂಡ್ಲಿ ಹೊತ್ತರೂ ಕರಣೆಯು ಅವರ ಕೈಗೆ ಬರುವುದು ತೀರ ವಿರಳ.

ಮತ್ತೊಂದು ಎಚ್ಚರಿಕೆ ಅಗತ್ಯ. ತರಬೇತಿಯ ಹೆಸರಿನಲ್ಲಿ ಮಕ್ಕಳಿಂದ ಬಿಟ್ಟಿ ದುಡಿಮೆ ಮಾಡಿಸುವಂತಿಲ್ಲ. 2016ರ ತಿದ್ದುಪಡಿಯು 14 ವರ್ಷದೊಳಗಿನವರ ದುಡಿಮೆಗೆ ಸಾಮಾನ್ಯವಾಗಿ ನಿಷೇಧ ವಿಧಿಸಿ, 14ರಿಂದ 18ರವರೆಗಿನ ಕಿಶೋರರನ್ನು ಅಪಾಯಕಾರಿ ಕೆಲಸಗಳಿಂದ ದೂರವಿರಿಸಿದೆ. ಶಾಲೆಯ ಗೋಡೆಯು ಎದೆಮಟ್ಟವನ್ನು ಮೀರದಿದ್ದರೆ ಕಲಿಕೆಗೇನೂ ಕೊರತೆಯಾಗದು; ಸಾರವೆಯನ್ನು ಏರುವ ವಯಸ್ಸು ಮುಂದೆ ಬರುತ್ತದೆ. ಸಿಮೆಂಟು ಚರ್ಮವನ್ನು ಸುಡುವುದರಿಂದ ಕೈಗವಸು ಕಡ್ಡಾಯವಾಗಿರಬೇಕು.

ಈ ವೃತ್ತಿಯಲ್ಲಿ ಮುಂದುವರಿಯಬಯಸುವವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳ ಒಂದು ವರ್ಷದ ಮೇಸನ್ ತರಬೇತಿ ಇದ್ದು, ಎಂಟನೆಯ ತರಗತಿ ತೇರ್ಗಡೆಯಾದವರು ಅದಕ್ಕೆ ಸೇರಬಹುದು. ಎಲ್ಲ ಸಂಸ್ಥೆಗಳಲ್ಲಿಯೂ ಈ ವಿಭಾಗವಿರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. 18 ವರ್ಷ ತುಂಬಿದ, 60 ಮೀರದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಅರ್ಹರು. ಗುಳೆ ಹೋಗುವ ಕುಟುಂಬಗಳು ಮಕ್ಕಳ ಅಂಕಪಟ್ಟಿ, ವರ್ಗಾವಣೆ ಪತ್ರ, ತರಬೇತಿಯ ಪ್ರಮಾಣಪತ್ರ ಮತ್ತು ಕೆಲಸ ಮಾಡಿದ ದಿನಗಳ ದಾಖಲೆಯನ್ನು ಊರಿನ ಪೆಟ್ಟಿಗೆಯಲ್ಲಿ ಬಿಟ್ಟುಹೋಗದೆ ಜೊತೆಗೇ ಒಯ್ಯಬೇಕು.