ಹಳೇ ಬಟ್ಟೆಯ ಮುಖಗಳು: ಬಿಟ್ಟುಬಿಡೋದು ಅಂದ್ರೆ ಏನು?

ಇವತ್ತಿನ ಮಾತು ಒಂದು ಕುರ್ತಾದಿಂದ ಶುರು.

ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿ ಸಾಸಿವೆ ಬಣ್ಣದ ಒಂದು ಕುರ್ತಾ ಇತ್ತು. ಅದನ್ನ ಹಾಕ್ಕೊಂಡು ಎರಡು ವರ್ಷದ ಮೇಲಾಯ್ತು. ಕೊಟ್ಟವನ ಜೊತೆ ನಾಲ್ಕು ವರ್ಷ ಇದ್ದೆ. ಮೊದಲು ಅವನು ಫೋನ್ ಪಾಸ್‌ವರ್ಡ್ ಕೇಳಿದ, ‘ಪ್ರೀತಿ ಇದ್ರೆ ಮುಚ್ಚುಮರೆ ಯಾಕೆ’ ಅಂತ. ಆಮೇಲೆ ಎಲ್ಲಿ ಹೋದ್ರೂ ಲೊಕೇಶನ್ ಕಳಿಸಬೇಕಾಯ್ತು. ಆಮೇಲೆ ಫ್ರೆಂಡ್ಸ್ ಮುಂದೆ ನನ್ನ ದನಿ ಅಣಕಿಸೋಕೆ ಶುರು ಮಾಡಿದ. ಎಲ್ಲರೂ ನಗೋರು. ನಾನೂ ನಗ್ತಿದ್ದೆ. ಈಗ ನೀವು ಕೇಳ್ತಿದ್ದೀರಲ್ಲ, ಇದೇ ದನಿ.

ನಾನು ಬಿ.ಕಾಂ. ಓದಿದವಳು. ಕ್ಲಾಸಲ್ಲಿ ‘ಸಂಕ್ ಕಾಸ್ಟ್’ ಅಂತ ಹೇಳಿಕೊಟ್ಟಿದ್ರು. ಆಗಲೇ ಖರ್ಚಾಗಿ ಹೋದ, ಏನು ಮಾಡಿದ್ರೂ ವಾಪಸ್ ಬರದ ದುಡ್ಡು. ಮುಂದಿನ ನಿರ್ಧಾರ ಮಾಡುವಾಗ ಅದನ್ನ ಲೆಕ್ಕಕ್ಕೆ ತಗೋಬಾರದು. ಪರೀಕ್ಷೆಯಲ್ಲಿ ಸರಿಯಾಗೇ ಬರೆದೆ. ಬದುಕಲ್ಲಿ ಮಾತ್ರ ‘ಮೂರು ವರ್ಷ ಹಾಕಿದೀನಿ, ಈಗ ಹೇಗೆ ಬಿಡೋದು’ ಅಂತ ಇನ್ನೊಂದು ವರ್ಷ ಹಾಕಿದೆ.

ಬಿಟ್ಟು ಬಂದ ಮೇಲೆ ಒಂದು ರಾತ್ರಿ ಫೋನ್ ನೋಡ್ತಾ ಇದ್ದಾಗ ಒಂದು ಚಿತ್ರ ಸಿಕ್ತು. ಬಟ್ಟೆಯಲ್ಲಿ ಹೊಲಿದ ಮನುಷ್ಯನ ತಲೆ. ಹೊಲಿಗೆಯನ್ನ ಮುಚ್ಚಿಡೋ ಪ್ರಯತ್ನವೇ ಇಲ್ಲ. ಗಾಯಕ್ಕೆ ಸ್ಟಿಚ್ ಹಾಕಿದ ಹಾಗೆ ಕೆನ್ನೆ ಮೇಲೆ, ಹಣೆ ಮೇಲೆ ದಾರ ಓಡ್ತಾ ಇದೆ. ಬಾಯಿ ಅರ್ಧ ತೆರೆದಿದೆ. ಮಾಡಿದವರು ಲೂಯೀಸ್ ಬೂರ್ಜ್ವಾ. 1911ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ, 1938ರಲ್ಲಿ ಮದುವೆಯಾಗಿ ನ್ಯೂಯಾರ್ಕ್‌ಗೆ ಹೋಗಿ, 2010ರಲ್ಲಿ 98ನೇ ವಯಸ್ಸಲ್ಲಿ ತೀರಿಕೊಂಡ ಕಲಾವಿದೆ. ದೊಡ್ಡ ಜೇಡದ ಶಿಲ್ಪ ನೋಡಿರಬಹುದು ನೀವು, ‘ಮಾಮಾನ್’ ಅಂತ. ಅದು ಇವರದೇ.

ಇವರ ಅಪ್ಪ ಅಮ್ಮನಿಗೆ ಹಳೇ ಟ್ಯಾಪೆಸ್ಟ್ರಿ, ಅಂದ್ರೆ ಗೋಡೆಗೆ ಹಾಕೋ ಚಿತ್ರದ ನೇಯ್ಗೆ, ರಿಪೇರಿ ಮಾಡೋ ಕಾರ್ಖಾನೆ ಇತ್ತು. ಅಂಚು ಸವೆದು ಕೆಳಭಾಗವೇ ಮೊದಲು ಹರಿಯೋದ್ರಿಂದ, ಚಿತ್ರದಲ್ಲಿದ್ದವರ ಕಾಲುಗಳೇ ಮಾಯವಾಗಿರ್ತಿದ್ವು. ಆ ಕಾಲುಗಳನ್ನ ಕಾಗದದ ಮೇಲೆ ಬರೆದುಕೊಡೋದು ಪುಟ್ಟ ಲೂಯೀಸ್ ಕೆಲಸ. ಅಮ್ಮ ಸೂಜಿ ಹಿಡಿದು ದುರಸ್ತಿ ಮಾಡೋರು.

ಆದ್ರೆ ಆ ಮನೆಯಲ್ಲಿ ದುರಸ್ತಿಯಾಗದ್ದು ಬೇರೇನೇ ಇತ್ತು. ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ ಬಂದು ಮನೆಯಲ್ಲೇ ಉಳಿದ ಟೀಚರ್ ಜೊತೆ ಅಪ್ಪನಿಗೆ ಸಂಬಂಧ. ಎಷ್ಟೋ ವರ್ಷ ಹಾಗೇ ನಡೀತು. ಅಮ್ಮನಿಗೂ ಗೊತ್ತು, ಮಕ್ಕಳಿಗೂ ಗೊತ್ತು, ಯಾರೂ ಬಾಯಿ ಬಿಡೋ ಹಾಗಿಲ್ಲ. ಊಟದ ಮೇಜಲ್ಲಿ ಅಪ್ಪನದೊಂದು ಆಟ ಇತ್ತಂತೆ. ಕಿತ್ತಳೆ ಸಿಪ್ಪೆಯಲ್ಲಿ ಒಂದು ಗೊಂಬೆ ಕತ್ತರಿಸಿ, ಇದು ನನ್ನ ಮಗಳು ಅಂತ ಎತ್ತಿ ತೋರಿಸೋದು. ಆಮೇಲೆ, ಅಯ್ಯೋ, ಗಂಡಿಗೆ ಇರೋದು ನನ್ನ ಮಗಳಿಗೆಲ್ಲಿದೆ ಅಂತ ಎಲ್ಲರ ಮುಂದೆ ನಗಿಸೋದು. ದಶಕಗಳ ನಂತರವೂ ಈ ಕತೆ ಹೇಳುವಾಗ ಅವರಿಗೆ ಅಳು ಬರ್ತಿತ್ತು.

ಅದನ್ನ ಓದಿ ಫೋನ್ ಕೆಳಗಿಟ್ಟೆ. ಅದೂ ಒಂದು ಪೋರ್ಟ್ರೇಟ್ ತಾನೇ? ನಮ್ಮ ಮುಖವನ್ನ ಬೇರೆಯವರು ಕತ್ತರಿಸಿ, ‘ನೋಡು, ನೀನು ಅಂದ್ರೆ ಇಷ್ಟೇ’ ಅಂತ ತೋರಿಸಿದ್ದು. ಕೆಟ್ಟ ಸಂಬಂಧ ಮಾಡೋದು ಇದನ್ನೇ. ಕೊನೆಗೆ ಕನ್ನಡಿಯಲ್ಲೂ ಆ ಸಿಪ್ಪೆ ಗೊಂಬೆಯೇ ಕಾಣುತ್ತೆ.

ಅಪ್ಪ ತೀರಿಕೊಂಡಿದ್ದು 1951ರಲ್ಲಿ. ಆಮೇಲೆ ಬೂರ್ಜ್ವಾ ತುಂಬಾ ವರ್ಷ ಮನೋವಿಶ್ಲೇಷಣೆ ತಗೊಂಡ್ರು. ಮನೆಯ ಈ ಕತೆಯನ್ನ ಜಗತ್ತಿಗೆ ಬಿಚ್ಚಿ ಹೇಳಿದ್ದು 1982ರಲ್ಲಿ, 70 ದಾಟಿದ ಮೇಲೆ! ಬಟ್ಟೆಯ ಕೆಲಸ ಶುರುವಾಗಿದ್ದು ಇನ್ನೂ ತಡವಾಗಿ, 1990ರ ದಶಕದಲ್ಲಿ. ಬದುಕಿಡೀ ಎಸೆಯದೆ ಇಟ್ಟಿದ್ದ ತನ್ನ, ಅಮ್ಮನ ಬಟ್ಟೆಗಳನ್ನ ಹೊರಗೆ ತೆಗೆದ್ರು. ಕೆಲವನ್ನ ದನದ ಮೂಳೆಗಳನ್ನೇ ಹ್ಯಾಂಗರ್ ಮಾಡಿ ತೂಗುಹಾಕಿದ್ರು. ಆಮೇಲೆ ಕತ್ತರಿ ಹಾಕಿದ್ರು. ಟವೆಲ್ ಬಟ್ಟೆ, ಟ್ಯಾಪೆಸ್ಟ್ರಿ ತುಂಡು ಸೇರಿ ಆ ತಲೆಗಳಾದವು. ಎಷ್ಟೋ ತಲೆಗಳಿಗೆ ಹೆಸರೇ ಇಲ್ಲ. ಅಪ್ಪನೋ, ಅಮ್ಮನೋ, ತಾನೋ, ನೋಡಿದವರಿಗೆ ಬಿಟ್ಟಿದ್ದು.

2002ರಲ್ಲಿ ಒಂದು ಬಟ್ಟೆ ಪುಸ್ತಕ ಮಾಡಿದ್ರು. ಫ್ರೆಂಚ್ ಹೆಸರು, ‘ಓಡ್ ಆ ಲೂಬ್ಲಿ’. ಮರೆವಿಗೊಂದು ಹಾಡು ಅನ್ನಬಹುದು. ಪುಟಗಳು ಅವರ ಮದುವೆ ಕಾಲದ ಲಿನನ್ ಕೈವಸ್ತ್ರಗಳು, ಮೇಲೆ ಕಸೂತಿ ಮಾಡಿದ ಹೆಸರಿನ ಅಕ್ಷರಗಳು. ಆ ಪುಟಗಳಿಗೆ ಹಳೇ ಬಟ್ಟೆಗಳ ತುಂಡು ಹೊಲಿದಿದ್ದಾರೆ. ತಮಾಷೆ ನೋಡಿ, ಮರೆವಿನ ಪುಸ್ತಕ ಮಾಡೋಕೆ ಅರವತ್ತು ವರ್ಷ ಜೋಪಾನ ಮಾಡಿದ ಬಟ್ಟೆ ಬೇಕಾಯ್ತು.

ಇಲ್ಲೇ ನನ್ನ ಕಾಮರ್ಸ್ ತಲೆಗೆ ಒಂದು ವಿಷಯ ಹೊಳೀತು. ನಮಗೆಲ್ಲ ‘ಬ್ಲಾಕ್ ಮಾಡು, ಫೋಟೋ ಡಿಲೀಟ್ ಮಾಡು, ಮುಂದೆ ಹೋಗು’ ಅಂತಾರೆ. ಬ್ಲಾಕ್ ಮಾಡಿ, ಅದು ಬೇಕು. ಆದ್ರೆ ವಸೂಲಾಗದ ಸಾಲವನ್ನ ರೈಟ್ ಆಫ್ ಮಾಡೋದು ಅಂದ್ರೆ ಲೆಡ್ಜರ್ ಹಾಳೆ ಹರಿಯೋದಲ್ಲ. ಇಷ್ಟು ಕೊಟ್ಟಿದ್ದೆ, ಇಷ್ಟು ಇನ್ನು ಬರಲ್ಲ ಅಂತ ಎಂಟ್ರಿ ಬರೆದೇ ಆ ಖಾತೆ ಮುಚ್ಚಬೇಕು. ನಾನು ಎಂಟ್ರಿ ಬರೆದಿರಲೇ ಇಲ್ಲ. ‘ಏನೂ ಆಗಿಲ್ಲಪ್ಪ’ ಅಂತ ಓಡಾಡ್ತಿದ್ದೆ.

ಹಾಗಂತ ಬೂರ್ಜ್ವಾ ಅಪ್ಪನನ್ನ ಪೂರ್ತಿ ಬಿಟ್ಟುಬಿಟ್ರಾ? ನನಗೆ ಹಾಗನ್ಸಲ್ಲ. ಕೊನೇವರೆಗೂ ಬಾಲ್ಯವೇ ಅವರ ಕೆಲಸದ ಕಚ್ಚಾ ಮಾಲು. ಆದ್ರೆ ಕತ್ತರಿ ಈಗ ಅವರ ಕೈಯಲ್ಲಿತ್ತು. ಅಷ್ಟೇ ವ್ಯತ್ಯಾಸ, ಸಣ್ಣದಲ್ಲ.

ಹೋದ ತಿಂಗಳು ಧಾರವಾಡಕ್ಕೆ ಹೋದಾಗ ಆ ಕುರ್ತಾ ಬ್ಯಾಗಲ್ಲಿ ಹಾಕ್ಕೊಂಡು ಹೋದೆ. ನಮ್ಮ ಆಯಿ, ಅಂದ್ರೆ ಅಜ್ಜಿ, ಕೌದಿ ಹೊಲೀತಾಳೆ. ಹಳೇ ಸೀರೆ, ಅಂಗಿ ತುಂಡು ಎಲ್ಲಾ ಸೇರಿಸಿ. ಕುರ್ತಾ ಕೊಟ್ಟು, “ಆಯಿ, ಇದು ಬ್ಯಾಡ ಅನಸ್ತದ, ಒಗಿಯಾಕೂ ಆಗವಲ್ದು” ಅಂದೆ. ಕತೆ ಪೂರ್ತಿ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಬಟ್ಟೆ ತಿರುಗಿಸಿ ನೋಡಿ, “ಅರಿವಿದೇನ್ ತಪ್ಪೈತಿ ಯವ್ವಾ? ಹೊಲಿಗಿ ಬಿಚ್ಚು” ಅಂದ್ಲು.

ಬ್ಲೇಡ್ ಹಿಡ್ಕೊಂಡು ಕೂತೆ. ಒಂದು ತೋಳು ಬಿಚ್ಚೋಷ್ಟರಲ್ಲಿ ಅಳು ಬಂತು. ಆಯಿ ಸುಮ್ಮನೆ ಸೂಜಿಗೆ ದಾರ ಪೋಣಿಸ್ತಿದ್ಲು, ಕಣ್ಣು ಕಾಣಲ್ಲ ಅಂತ ಕೊನೆಗೆ ನನ್ನ ಕೈಗೇ ಕೊಟ್ಲು. ಆ ತೋಳು ಈಗ ಕೌದಿಯಲ್ಲಿದೆ, ಅವಳ ಹಳೇ ಇಲಕಲ್ ಸೀರೆ ಪಕ್ಕ. ಉಳಿದ ಕುರ್ತಾ ಇನ್ನೂ ಹಾಗೇ ಇದೆ. ಮುಂದಿನ ಸಲ ಹೋದಾಗ ಇನ್ನೊಂದು ತೋಳು.

ಒಂದು ಮಾತು ಮಾತ್ರ ಸೀರಿಯಸ್ಸಾಗಿ. ಹೊಡೆತ, ಬೆದರಿಕೆ ಇದ್ರೆ ಹೊಲಿಗೆ, ಕಲೆ ಎಲ್ಲ ಆಮೇಲೆ. ಮೊದಲು ಹೊರಗೆ ಬನ್ನಿ. ತುರ್ತು ಸಹಾಯಕ್ಕೆ 112, ಮಹಿಳಾ ಸಹಾಯವಾಣಿ 181, ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ 14416. ಸೇವ್ ಮಾಡ್ಕೊಳ್ಳಿ, ನಿಮಗಲ್ಲದಿದ್ರೂ ಫ್ರೆಂಡ್‌ಗೆ ಬೇಕಾಗಬಹುದು.

ನಿಮ್ಮ ಬೀರುವಿನಲ್ಲಿ ಏನಿದೆ? ವಾಯ್ಸ್ ನೋಟ್ ಕಳಿಸಿ. ದನಿ ಚೆನ್ನಾಗಿಲ್ಲ ಅಂತ ಮಾತ್ರ ಸುಮ್ಮನಿರಬೇಡಿ. ಮತ್ತೆ ಸಿಗೋಣ.