ರಾಷ್ಟ್ರಪತಿ ಆಯ್ಕೆಯಲ್ಲಿ ನಮ್ಮೂರಿನ ಪಾಲು

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಾಜ ವಿಜ್ಞಾನದ ತರಗತಿಯಲ್ಲಿ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ. “ಪಂಚಾಯಿತಿ ಸದಸ್ಯರನ್ನು ನಮ್ಮ ಅಪ್ಪ ಅಮ್ಮ ಆರಿಸುತ್ತಾರೆ. ದೇಶದ ಪ್ರಥಮ ಪ್ರಜೆಯನ್ನು ಯಾಕೆ ಆರಿಸುವುದಿಲ್ಲ?” ನ್ಯಾಯವಾದ ಪ್ರಶ್ನೆ.

ಸಂವಿಧಾನದ 54ನೇ ವಿಧಿ ಈ ಕೆಲಸವನ್ನು ಮತದಾರರ ಗಣಕ್ಕೆ ವಹಿಸಿದೆ. ಪತ್ರಿಕೆಗಳು ಇದನ್ನೇ ಎಲೆಕ್ಟೋರಲ್ ಕಾಲೇಜು ಎನ್ನುತ್ತವೆ. ಲೋಕಸಭೆ, ರಾಜ್ಯಸಭೆ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರಷ್ಟೇ ಇದರಲ್ಲಿದ್ದಾರೆ. ನಾಮಕರಣಗೊಂಡವರಿಗೂ ನಮ್ಮ ವಿಧಾನ ಪರಿಷತ್ತಿನ ಸದಸ್ಯರಿಗೂ ಇಲ್ಲಿ ಮತವಿಲ್ಲ.

ಜನರೇ ನೇರವಾಗಿ ಆರಿಸಲಿ ಎಂದು ಸಂವಿಧಾನ ಸಭೆಯಲ್ಲಿ ಕೆ. ಟಿ. ಶಾ ವಾದಿಸಿದ್ದರು. ನೆಹರೂ ಒಪ್ಪಲಿಲ್ಲ. ನಮ್ಮಲ್ಲಿ ಆಡಳಿತ ನಡೆಸುವುದು ಮಂತ್ರಿಮಂಡಲ. ಇಡೀ ದೇಶದ ಮತ ಪಡೆದು ಬಂದವರಿಗೆ ನಿಜವಾದ ಅಧಿಕಾರ ಕೊಡದಿದ್ದರೆ ಅದು ಅಸಂಗತ. ಕೊಟ್ಟರೆ ಪ್ರಧಾನಿಯೊಡನೆ ತಿಕ್ಕಾಟ. ಹಾಗೆಂದು ಸಂಸತ್ತೊಂದೇ ಆರಿಸಿದರೆ, ರಾಷ್ಟ್ರಪತಿ ದೆಹಲಿಯ ಬಹುಮತದ ಪಕ್ಷದವರಾಗಿಬಿಡುವ ಅಪಾಯ. ಆದ್ದರಿಂದ ಒಟ್ಟು ಮತಮೌಲ್ಯದಲ್ಲಿ ಅರ್ಧ ಸಂಸತ್ತಿಗೆ, ಅರ್ಧ ರಾಜ್ಯಗಳಿಗೆ.

ಲೆಕ್ಕ ಸುಲಭ, ಮಕ್ಕಳೇ ಮಾಡಿ ನೋಡಿ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ 1,000ದಿಂದ ಭಾಗಿಸಿ. ಕರ್ನಾಟಕದಲ್ಲಿ 2,92,99,014 ಜನ, 224 ಶಾಸಕರು. ಒಬ್ಬ ಶಾಸಕರ ಮತದ ಮೌಲ್ಯ 131. ಉತ್ತರ ಪ್ರದೇಶದಲ್ಲಿ ಅದು 208, ಸಿಕ್ಕಿಂನಲ್ಲಿ 7. ಎಲ್ಲ ಶಾಸಕರ ಒಟ್ಟು ಮೌಲ್ಯವನ್ನು ಸಂಸದರಿಗೆ ಸಮನಾಗಿ ಹಂಚಿದಾಗ, 2022ರಲ್ಲಿ ಒಬ್ಬ ಸಂಸದರ ಮತಕ್ಕೆ 700 ಬಂತು.

ಕರ್ನಾಟಕದಲ್ಲಿ ಮೂರು ಕೋಟಿಗೂ ಕಡಿಮೆ ಜನವೇ ಎಂದು ನೀವು ಹುಬ್ಬೇರಿಸಬಹುದು. ಇದು 1971ರ ಜನಗಣತಿಯ ಲೆಕ್ಕ. 2011ಕ್ಕೇ ನಾವು ಆರು ಕೋಟಿ ದಾಟಿದ್ದೆವು. ಈ ಶಾಲೆಯ ಮೊದಲ ತಂಡಗಳಲ್ಲಿ ಓದಿದ ಹಿರಿಯರು ಆ ಎಣಿಕೆಯಲ್ಲಿದ್ದಾರೆ. ಇಂದು ಇಲ್ಲಿ ಓದುತ್ತಿರುವ ಒಂದು ಮಗುವೂ ಇಲ್ಲ. ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರ 42ನೇ ತಿದ್ದುಪಡಿ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿತು. 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಈ ತಡೆ ತೆರವಾದಾಗ, ಪ್ರತಿ ಮನುಷ್ಯನ ಎಣಿಕೆಯೂ ಆಗಬೇಕು, ಜನಸಂಖ್ಯೆ ಹಿಡಿತದಲ್ಲಿಟ್ಟ ರಾಜ್ಯಗಳ ದನಿಯೂ ಕುಗ್ಗಬಾರದು. ಎರಡೂ ನ್ಯಾಯವೇ. ಅವನ್ನು ಹೊಂದಿಸುವ ಹೊಣೆ ಮುಂದಿನ ತಲೆಮಾರಿನದು.

ಕೊನೆಯ ಮಾತು. ಇದು ಗುಪ್ತ ಮತದಾನ, ಪಕ್ಷಗಳು ವಿಪ್ ಹೊರಡಿಸುವಂತಿಲ್ಲ. ನಮ್ಮ 131ರ ತೂಕವನ್ನು ಶಾಸಕರು ಒಬ್ಬರೇ ನಿಂತು, ತಮ್ಮ ವಿವೇಕದಂತೆ ಹಾಕುತ್ತಾರೆ. ಹಾಗಾಗಿ ಶಾಸಕರನ್ನು ಆರಿಸುವಾಗ ರಸ್ತೆ, ಚರಂಡಿಯ ಜೊತೆಗೆ ಅವರ ವಿವೇಕವನ್ನೂ ತೂಗಿ ನೋಡಿ. ರಾಷ್ಟ್ರಪತಿಯ ಆಯ್ಕೆ ಶುರುವಾಗುವುದು ನಮ್ಮೂರಿನ ಮತಗಟ್ಟೆಯಲ್ಲೇ.