ಜಗಳವೂ ಹೋರಾಟವೂ



ಇಂದು ಒಂದು ಇಂಗ್ಲಿಷ್ ಶಬ್ದವನ್ನು ಮುಂದಿಟ್ಟುಕೊಂಡು ನಾಲ್ಕು ಮಾತು ಆಡಬೇಕೆಂದಿದ್ದೇವೆ. ಮಠದಲ್ಲಿ ಇಂಗ್ಲಿಷ್ ಪಾಠವೇ ಎಂದು ಹಿರಿಯರು ಆಶ್ಚರ್ಯಪಡಬೇಕಾಗಿಲ್ಲ. ಶಬ್ದ ಯಾವ ಭಾಷೆಯದಾದರೇನು? ನಮ್ಮ ಅಂತರಂಗವನ್ನು ನಮಗೆ ತೋರಿಸಿಕೊಟ್ಟರೆ ಅದೂ ಗುರುವೇ.

ಆ ಶಬ್ದ ‘ಸ್ಟ್ರೈಫ್’. ಕಲಿಯುವ ಮಕ್ಕಳು ನಿಘಂಟು ತೆಗೆದು ನೋಡಿರಿ. ಮೊದಲು ಸಿಗುವ ಅರ್ಥ ಜಗಳ, ಕಲಹ, ವೈಮನಸ್ಸು. ಆ ಬಳಿಕ ಕಾದಾಟ, ಸೆಣಸಾಟ. ಮೂರನೆಯದೊಂದು ಅರ್ಥವಿದೆ, ಅದು ಹಳೆಯದು, ಬಳಕೆ ತಪ್ಪಿದೆ. ಅದೇನು ಗೊತ್ತೇ? ಶ್ರಮ, ಕಷ್ಟಪಟ್ಟು ಮಾಡುವ ಪ್ರಯತ್ನ. ಒಂದೇ ಶಬ್ದದ ಹೊಟ್ಟೆಯಲ್ಲಿ ಜಗಳವೂ ಇತ್ತು, ಶ್ರಮವೂ ಇತ್ತು.

1066ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತದ ದೊರೆ ಇಂಗ್ಲೆಂಡನ್ನು ಗೆದ್ದ. ಗೆದ್ದವರ ಫ್ರೆಂಚ್ ಮಾತು ನಿಧಾನವಾಗಿ ಅಲ್ಲಿಯ ಜನರ ಮಾತಿನಲ್ಲಿ ಬೆರೆಯಿತು. ಹಾಗೆ ಬಂದ ಶಬ್ದಗಳಲ್ಲಿ ಇದೂ ಒಂದು. ಇಂಗ್ಲಿಷಿನಲ್ಲಿ ಇದು ಕಾಣಿಸಿಕೊಂಡದ್ದು ಸುಮಾರು 1200ರ ಹೊತ್ತಿಗೆ. ಆಗ ನಮ್ಮ ಕಲ್ಯಾಣದಿಂದ ಶರಣರು ಚದುರಿ ಕೆಲವೇ ದಶಕಗಳಾಗಿದ್ದವು. ಅದೇ ಬೇರಿನಿಂದ ಇನ್ನೊಂದು ಶಬ್ದವೂ ಬಂತು: ‘ಸ್ಟ್ರೈವ್’. ಮೊದಮೊದಲು ಅದಕ್ಕೂ ಜಗಳವಾಡು ಎಂಬ ಅರ್ಥವೇ ಇತ್ತು. ಕಾಲ ಕಳೆದಂತೆ ಎರಡರ ದಾರಿ ಬೇರೆಯಾಯಿತು. ಸ್ಟ್ರೈಫ್ ಜಗಳದಲ್ಲಿಯೇ ಉಳಿಯಿತು. ಸ್ಟ್ರೈವ್ ಎಂದರೆ ಬಿಡದೆ ಶ್ರಮಿಸು ಎಂದಾಯಿತು. ಒಂದೇ ತಾಯಿಯ ಮಕ್ಕಳು. ಒಬ್ಬ ಕೋರ್ಟಿನ ಕಟ್ಟೆ ಹತ್ತಿದ, ಇನ್ನೊಬ್ಬ ಕಾಯಕಕ್ಕೆ ನಿಂತ.

ಇದು ಶಬ್ದದ ಕಥೆ ಮಾತ್ರವೇ? ನಮ್ಮ ಊರಿನ ಕಥೆಯೂ ಹೌದಲ್ಲವೇ? ಅಣ್ಣ ತಮ್ಮ ಬೇರೆಯಾಗುತ್ತಾರೆ. ಒಂದು ಮೊಳ ಬದು ಆ ಕಡೆಗೋ ಈ ಕಡೆಗೋ ಸರಿಯುತ್ತದೆ. ತಾಲೂಕಿನ ಕೋರ್ಟು, ಜಿಲ್ಲೆಯ ಕೋರ್ಟು, ಕೊನೆಗೆ ಹೈಕೋರ್ಟು. ಜೋಳ ಮಾರಿದ ರೊಕ್ಕ ವಕೀಲರ ಫೀಸಿಗೆ ಹೋಗುತ್ತದೆ. ತಾರೀಖಿಗೆಂದು ಹೋದ ದಿನ ಹೊಲದಲ್ಲಿ ಕಳೆ ಬೆಳೆಯುತ್ತದೆ. ಅದೇ ಹಟ, ಅದೇ ಓಡಾಟ, ಅದೇ ನಿದ್ದೆಗೇಡು ಹೊಲದ ಮೇಲೆ ಬಿದ್ದಿದ್ದರೆ ಎಷ್ಟು ಚೀಲ ಬೆಳೆಯುತ್ತಿತ್ತು! ಬಲ ಒಂದೇ, ಅದು ಹರಿಯುವ ದಿಕ್ಕು ಬೇರೆ.

ಹಾಗಾದರೆ ಶರಣನಾದವನು ಅನ್ಯಾಯವನ್ನು ಸಹಿಸಿಕೊಂಡು ಸುಮ್ಮನಿರಬೇಕೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದರು. 24 ದಿನಗಳ ನಡಿಗೆ. ಶಸ್ತ್ರ ಹಿಡಿಯಲಿಲ್ಲ, ಯಾರನ್ನೂ ಬೈಯಲಿಲ್ಲ. ತಮ್ಮ ಮನೆಯ ಗಡಿಗೆಗೆ ಉಪ್ಪು ಬೇಕೆಂದು ನಡೆದವರಲ್ಲ. ಬಡವನ ಅಂಬಲಿಗೆ ಬೀಳುವ ಉಪ್ಪಿನ ಮೇಲೆ ತೆರಿಗೆ ಇರಬಾರದೆಂದು ನಡೆದರು. ಅದು ಹೋರಾಟ.

ಆದರೆ ಎಲ್ಲರೂ ತಮ್ಮ ಜಗಳವನ್ನು ನ್ಯಾಯದ ಹೋರಾಟವೆಂದೇ ಕರೆದುಕೊಳ್ಳುತ್ತಾರೆ. ಗುರುತಿಸುವುದು ಹೇಗೆ? ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಇದು ಮುಗಿದ ದಿನ ಎದುರಿನವನು ಏನಾಗಿರಬೇಕು? ಅವನು ಹಾಳಾಗಿರಬೇಕೆಂದು ಮನಸ್ಸು ಹೇಳಿದರೆ ಅದು ಜಗಳ. ಅವನೂ ಸರಿದಾರಿಗೆ ಬಂದಿರಬೇಕು, ಅವನ ಮಕ್ಕಳೂ ಉಣ್ಣಬೇಕು ಎಂದು ಹೇಳಿದರೆ ಅದು ಹೋರಾಟ.

ಶರಣೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಪತಿ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡವರ ಮನೆ, ಹೆಚ್ಚು ಬಂದರೆ ಹಿಗ್ಗುವುದು ಸಹಜ. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಗಂಡನೊಡನೆ ಭಿನ್ನಾಭಿಪ್ರಾಯ ಬಂತು, ನಿಜ. ಆದರೆ ಆಕೆ ಸೆಣಸಿದ್ದು ಗಂಡನೊಡನೆ ಅಲ್ಲ, ಮನೆಯ ಬಾಗಿಲಿಗೆ ಬಂದ ಆಸೆಯೊಡನೆ. ಮಾರಯ್ಯನೂ ಅದನ್ನು ಅವಮಾನವೆಂದು ತಿಳಿಯದೆ ಮರಳಿ ಹೋದ. ಅಲ್ಲಿ ಸೋತದ್ದು ಆಸೆ ಒಂದೇ. ಗಂಡ ಹೆಂಡತಿ ಇಬ್ಬರೂ ಗೆದ್ದರು.

ನಮ್ಮ ಧರ್ಮ ಕೊನೆಗೆ ಹೇಳುವುದು ಲಿಂಗಾಂಗ ಸಾಮರಸ್ಯವನ್ನು. ಲಿಂಗದೊಡನೆ ಸಮರಸವಾಗಬೇಕಾದವನಿಗೆ ನೆರೆಮನೆಯವನೊಡನೆ ಮಾತಿಲ್ಲವೆಂದರೆ ಹೇಗೆ?

ನಾಳೆ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕುಳಿತಾಗ ಗಮನಿಸಿರಿ. ದೃಷ್ಟಿ ಲಿಂಗದ ಮೇಲಿದ್ದರೂ ಮನಸ್ಸಿನಲ್ಲಿ ಯಾರ ಮುಖ ಬರುತ್ತದೆ? ದಾವೆ ಹೂಡಿದ ತಮ್ಮನ ಮುಖವೇ? ಬದು ಒತ್ತಿದ ನೆರೆಯವನ ಮುಖವೇ? ಹಾಗಿದ್ದರೆ ನೀವು ಪೂಜಿಸುತ್ತಿರುವುದು ಅವನನ್ನು. ಪೂಜೆ ಮುಗಿಸಿ ಎದ್ದವರು ಅಂದೇ ಅವನ ಮನೆಗೆ ಹೋಗಿರಿ. ಹೊಸ್ತಿಲು ದಾಟುವುದು ಕಷ್ಟ, ಕಾಲು ಏಳುವುದಿಲ್ಲ. ಆ ಕಷ್ಟವೇ ಶಬ್ದದ ಹಳೆಯ ಅರ್ಥ; ಅದೇ ಶ್ರಮ, ಅದೇ ನಿಜವಾದ ಹೋರಾಟ.